28ರ ಪೀಕ್ ಯಾರದು?

ಗೋಬರ್ ಗ್ಯಾಸಿನಲ್ಲಿ ಇರಬೇಕಾದದ್ದು ಮುಖ್ಯವಾಗಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್. ಅದನ್ನೇ ಚೀಲದಲ್ಲಿ ತುಂಬಿ ತಂದು, ಅನಿಲಗಳನ್ನು ಕಾಲಮಿನಲ್ಲಿ ಬೇರ್ಪಡಿಸಿ ತೂಗುವ ಯಂತ್ರವಾದ ಜಿಸಿ-ಎಂಎಸ್‌ಗೆ ಕೊಟ್ಟಾಗ ವರದಿಯಲ್ಲಿ ರಾಶಿ ಸಾರಜನಕ ಕಂಡರೆ, ಮೊದಲು ಬೈಸಿಕೊಳ್ಳುವುದು ಯಂತ್ರ. ಪಾಪ, ತಪ್ಪು ಸಾಮಾನ್ಯವಾಗಿ ಅದರ ಹೊರಗೆ ಇರುತ್ತದೆ.

ತಪ್ಪು ಕಲ್ಪನೆ: ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಅನಿಲದ ಹೆಸರನ್ನು ಅದೇ ಹೇಳುತ್ತದೆ.

ವಾಸ್ತವ: ಅದು ತೂಗುತ್ತದೆ, ಹೆಸರಿಡುವುದು ನಾವು. ಸಾರಜನಕ 28.006, ಕಾರ್ಬನ್ ಮೊನಾಕ್ಸೈಡ್ 27.995, ಎಥಿಲೀನ್ 28.031. ಲ್ಯಾಬಿನ ಮಾಮೂಲಿ ಕ್ವಾಡ್ರುಪೋಲ್‌ಗೆ ಮೂರೂ 28. ಸಾಲದ್ದಕ್ಕೆ ಕಾರ್ಬನ್ ಡೈಆಕ್ಸೈಡ್ ಒಡೆದಾಗಲೂ 28ರ ಚೂರು ಬರುತ್ತದೆ. ಅತ್ತ 44ರಲ್ಲಿ ಕಾರ್ಬನ್ ಡೈಆಕ್ಸೈಡ್, ನೈಟ್ರಸ್ ಆಕ್ಸೈಡ್, ಪ್ರೊಪೇನ್ ಮೂರೂ ಒಟ್ಟಿಗೆ ಕೂತಿರುತ್ತವೆ. ಇವನ್ನು ಬೇರೆ ಮಾಡಬೇಕಾದದ್ದು ಕಾಲಮ್. ಚಿಕ್ಕ ಚೂರುಗಳೂ ಸುಳಿವು ಕೊಡುತ್ತವೆ: ಸಾರಜನಕಕ್ಕೆ 14, ಕಾರ್ಬನ್ ಮೊನಾಕ್ಸೈಡಿಗೆ 12, ಎಥಿಲೀನಿಗೆ 26 ಮತ್ತು 27. ಎರಡು ಮೂರೇ ಗೆರೆ ಇರುವ ಇಂಥ ಅನಿಲಗಳಿಗೆ ಲೈಬ್ರರಿ ಕೊಡುವ ಹೊಂದಿಕೆಯ ಅಂಕವನ್ನು ನಾನಂತೂ ನಂಬುವುದಿಲ್ಲ.

ತಪ್ಪು ಕಲ್ಪನೆ: 28 (ಸಾರಜನಕ) ಮತ್ತು 32 (ಆಮ್ಲಜನಕ) ಕಂಡರೆ ಯಂತ್ರದಲ್ಲಿ ಲೀಕ್ ಇದೆ.

ವಾಸ್ತವ: ಗಾಳಿ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ಸ್ಯಾಂಪಲ್ ಹಾಕದೆ ಸುಮ್ಮನೆ ಓಡಿಸಿದಾಗಲೂ 28 ಮತ್ತು 32 ಸುಮಾರು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಬೇಸ್‌ಲೈನಿನಲ್ಲೇ ಎದ್ದು ನಿಂತಿದ್ದರೆ, ಜೊತೆಗೆ 40ರಲ್ಲಿ ಆರ್ಗಾನ್ ಇಣುಕಿದರೆ, ಲೀಕ್ ಯಂತ್ರದ್ದೇ: ಸಡಿಲ ನಟ್, ಸವೆದ ಫೆರಲ್, ತೂತು ಬಿದ್ದ ಸೆಪ್ಟಮ್. ಬೇಸ್‌ಲೈನ್ ಶುಭ್ರವಾಗಿದ್ದು ಸ್ಯಾಂಪಲ್ ಹಾಕಿದಾಗ ಮಾತ್ರ ಗಾಳಿ ಕಂಡರೆ ಸಿರಿಂಜನ್ನೋ ಚೀಲವನ್ನೋ ಅನುಮಾನಿಸಿ. ಸ್ಯಾಂಪಲಿನಲ್ಲಿ ಸಾರಜನಕ ಇದೆ, ಆಮ್ಲಜನಕ ಮಾತ್ರ ಲೆಕ್ಕಕ್ಕಿಂತ ಬಹಳ ಕಡಿಮೆ ಎಂದಾದರೆ ಕಥೆ ಬೇರೆ. ಗಾಳಿ ಗೋಬರ್ ಗುಂಡಿಗೇ ನುಗ್ಗಿ, ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕವನ್ನು ತಿಂದು ಮುಗಿಸಿರಬಹುದು. ಆಗ ರಿಪೇರಿ ಬೇಕಾದದ್ದು ಗುಂಡಿಗೆ.

ತಪ್ಪು ಕಲ್ಪನೆ: ಸೋಪಿನ ನೀರು ಹಚ್ಚಿದರೆ ಲೀಕ್ ಸಿಕ್ಕಿಬಿಡುತ್ತದೆ.

ವಾಸ್ತವ: ಸಿಲಿಂಡರ್, ರೆಗ್ಯುಲೇಟರ್ ಕಡೆಗೆ ಸರಿ. ಎಂಎಸ್ ಕಡೆ ಇರುವುದು ನಿರ್ವಾತ. ಅಲ್ಲಿ ಗುಳ್ಳೆ ಏಳುವುದಿಲ್ಲ, ಸೋಪೇ ಒಳಗೆ ಹೋಗುತ್ತದೆ. ಒಂದೊಂದೇ ಜೋಡಣೆಗೆ ಆರ್ಗಾನ್ ಊದುತ್ತಾ 40ರ ಗೆರೆ ನೋಡಿ. ಅದು ಜಿಗಿದ ಕಡೆ ಲೀಕ್.

ತಪ್ಪು ಕಲ್ಪನೆ: ಪೀಕ್ ಇಲ್ಲ, ಆದ್ದರಿಂದ ಜಲಜನಕ ಇಲ್ಲ.

ವಾಸ್ತವ: ಸ್ಯಾಂಪಲನ್ನು ಹೊತ್ತೊಯ್ಯುವ ಕ್ಯಾರಿಯರ್ ಅನಿಲ ಹೀಲಿಯಂ ಆಗಿದ್ದರೆ ಉಷ್ಣವಾಹಕತೆ ಅಳೆಯುವ ಡಿಟೆಕ್ಟರ್ ಟಿಸಿಡಿಗೆ ಜಲಜನಕ ಸರಿಯಾಗಿ ಕಾಣುವುದಿಲ್ಲ, ಎರಡರ ಉಷ್ಣವಾಹಕತೆ ಅಷ್ಟು ಹತ್ತಿರ. ಆರ್ಗಾನ್ ಅಥವಾ ಸಾರಜನಕಕ್ಕೆ ಬದಲಿಸಿ. ಎಂಎಸ್ ಸ್ಕ್ಯಾನ್ 10ರಿಂದ ಶುರುವಾಗಿದ್ದರೆ ಜಲಜನಕದ 2ರ ಗೆರೆ ಸಿಗುವುದಾದರೂ ಹೇಗೆ?

ತಪ್ಪು ಕಲ್ಪನೆ: ಕಾಲಮ್ ಒಮ್ಮೆ ಕೂರಿಸಿದರೆ ಮುಗಿಯಿತು.

ವಾಸ್ತವ: ಆಮ್ಲಜನಕ, ಸಾರಜನಕಗಳನ್ನು ಬಿಡಿಸುವ ಮಾಲೆಕ್ಯುಲರ್ ಸೀವ್ ಕಾಲಮಿಗೆ ನೀರಾವಿಯೂ ಕಾರ್ಬನ್ ಡೈಆಕ್ಸೈಡೂ ಶತ್ರುಗಳು. ಒಳಗೆ ಅಂಟಿಕೊಂಡು ಜಾಗ ಹಿಡಿಯುತ್ತವೆ. ದಿನ ಕಳೆದಂತೆ ಆಮ್ಲಜನಕ, ಸಾರಜನಕಗಳ ಪೀಕ್‌ಗಳು ಒಂದರ ಮೇಲೊಂದು ಬೀಳತೊಡಗುತ್ತವೆ. ಗೋಬರ್ ಗ್ಯಾಸಿನಲ್ಲಿ ನೀರಾವಿ, ಕಾರ್ಬನ್ ಡೈಆಕ್ಸೈಡ್ ಎರಡಕ್ಕೂ ಬರವಿಲ್ಲ. ತಯಾರಕರು ಹೇಳಿದ ಮಿತಿಯೊಳಗೆ, ಕ್ಯಾರಿಯರ್ ಹರಿಯುತ್ತಿರುವಾಗಲೇ ರಾತ್ರಿಯಿಡೀ ಕಾಯಿಸಿದರೆ ಕಾಲಮ್ ಬಹುಪಾಲು ಚೇತರಿಸಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಪೀಕಿನ ವಿಸ್ತೀರ್ಣದ ಶೇಕಡಾವಾರೇ ಅನಿಲದ ಶೇಕಡಾವಾರು.

ವಾಸ್ತವ: ಒಂದೊಂದು ಅನಿಲಕ್ಕೆ ಡಿಟೆಕ್ಟರ್ ಒಂದೊಂದು ಬಗೆಯಲ್ಲಿ ಸ್ಪಂದಿಸುತ್ತದೆ; ಪ್ರಮಾಣಿತ ಮಿಶ್ರಣವಿಲ್ಲದೆ ಶೇಕಡಾ ಬರೆಯುವುದು ಊಹೆ ಅಷ್ಟೇ. ಅದೂ ಅಲ್ಲದೆ ಸ್ಯಾಂಪಲನ್ನು ಅಳೆದು ಹಿಡಿಯುವ ಲೂಪಿನಲ್ಲಿ ಎಷ್ಟು ಅನಿಲ ಹಿಡಿಯುತ್ತದೆ ಎಂಬುದು ಒತ್ತಡದ ಮೇಲೆ ನಿಂತಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ವಾಯುಭಾರ ಮಂಗಳೂರಿಗಿಂತ ಹತ್ತಿರಹತ್ತಿರ ಶೇ. 10 ಕಡಿಮೆ. ಅಲ್ಲಿ ಹಾಕಿದ ಕ್ಯಾಲಿಬ್ರೇಶನ್ ಗೆರೆಯನ್ನು ಇಲ್ಲಿ ಹಾಗೇ ಬಳಸಿದರೆ ಮೀಥೇನ್ ಅಷ್ಟೇ ಕಡಿಮೆ ತೋರಿಸುತ್ತದೆ. ಸ್ಟ್ಯಾಂಡರ್ಡನ್ನೂ ಸ್ಯಾಂಪಲನ್ನೂ ಒಂದೇ ದಿನ, ಒಂದೇ ಒತ್ತಡದಲ್ಲಿ ಓಡಿಸಿ. ಆ ಒತ್ತಡ ಎಷ್ಟಿತ್ತು ಎಂದು ವರದಿಯಲ್ಲೂ ಬರೆಯಿರಿ.