ಹಾಯಿಯೊಳಗೆ ಸಿಕ್ಕಿಬಿದ್ದ ಸೂರ್ಯ

ಆ ಹಾಯಿಯನ್ನೊಮ್ಮೆ ನೋಡಿ! ಗಾಳಿ ತುಂಬಿ ಉಬ್ಬಿದೆ, ಇನ್ನೇನು ಚೌಕಟ್ಟು ಹರಿದುಕೊಂಡು ಹೊರಗೆ ಬಂದೀತು ಅನ್ನಿಸುತ್ತದೆ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ ಈ ಚಿತ್ರ ನಾಲ್ಕು ಮೀಟರಿಗೂ ತುಸು ಹೆಚ್ಚು ಅಗಲ, 2.65 ಮೀಟರ್ ಎತ್ತರ. ಹೆಸರು ‘ಮೀನುಗಾರಿಕೆಯಿಂದ ಮರಳುವಿಕೆ’. ಬರೆದವನು ಸ್ಪೇನಿನ ವೆಲೆನ್ಸಿಯಾದ ಹೋಕಿನ್ ಸೊರೋಯಾ, 1894ರಲ್ಲಿ.

ಮೊದಲು ಬೆರಗಾಗುವುದು ಎತ್ತುಗಳನ್ನು ಕಂಡು. ಹೌದು, ಸಮುದ್ರದಲ್ಲಿ ಎತ್ತುಗಳು! ಹೆಗಲ ಮೇಲೆ ನೊಗ, ಕಾಲ ಬಳಿ ನೊರೆ, ಮೈಯೆಲ್ಲ ಒದ್ದೆ. ವೆಲೆನ್ಸಿಯಾದ ಕಬಾನ್ಯಾಲ್ ಕಡಲತೀರದಲ್ಲಿ ಅಂದು ಮೀನಿನ ಭಾರದ ದೋಣಿಯನ್ನು ಮರಳಿನ ಮೇಲೆ ಎಳೆದು ತರುತ್ತಿದ್ದುದೇ ಜೋಡೆತ್ತುಗಳು. ಉಳುಮೆಗೆ ಹುಟ್ಟಿದ ಪ್ರಾಣಿ ಅಲೆಗೆ ಎದೆಕೊಟ್ಟು ನಿಂತಿದೆ. ಹಗ್ಗ ಹಿಡಿದು ಹೆಣಗುವ ಬೆಸ್ತರಿಗೆ ತಲೆಯೆತ್ತಿ ನಮ್ಮನ್ನು ನೋಡಲು ಪುರುಸೊತ್ತೆಲ್ಲಿ?

ಈಗ ಮತ್ತೆ ಹಾಯಿಗೆ ಬನ್ನಿ. ದೂರದಿಂದ ಅಚ್ಚ ಬಿಳಿ. ಹತ್ತಿರ ಹೋದರೆ ಆ ಬಿಳಿ ಮಾಯ! ಬಿಸಿಲು ಬಿದ್ದಲ್ಲಿ ಬೆಚ್ಚನೆಯ ತಿಳಿಹಳದಿ, ಮಡಿಕೆಯ ನೆರಳಿನಲ್ಲಿ ನೀಲಿ, ಅದರ ಅಂಚಿಗೆ ನೇರಳೆ. ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆಯ ಹಿಂದೆ ನಿಂತು ಸೂರ್ಯನತ್ತ ನೋಡಿದ್ದೀರಾ? ಬೆಳಕು ಬಟ್ಟೆಯ ಮೇಲೆ ಬೀಳುವುದಷ್ಟೇ ಅಲ್ಲ, ನೂಲಿನ ಸಂದಿಯಿಂದ ಒಳಗೂ ನುಸುಳುತ್ತದೆ. ಆ ನುಸುಳುವಿಕೆಯನ್ನೇ ಸೊರೋಯಾ ಹಿಡಿದುಬಿಟ್ಟಿದ್ದಾನೆ.

ನೆರಳು ಕಪ್ಪಲ್ಲವೇ, ನೀಲಿ ಹೇಗಾಯಿತು? ಇಲ್ಲಿದೆ ನೋಡಿ ಮಜ. ಬಯಲಿನಲ್ಲಿ ನೆರಳೆಂದರೆ ಸೂರ್ಯನ ನೇರ ಕಿರಣ ತಲುಪದ ಜಾಗ, ಅಷ್ಟೆ. ಆಕಾಶ ಅಲ್ಲಿಗೂ ಬೆಳಕು ಸುರಿಯುತ್ತಲೇ ಇರುತ್ತದೆ, ಆ ಬೆಳಕು ನೀಲಿ. ಸಾಲದ್ದಕ್ಕೆ ಮರಳಿನಿಂದ ಪುಟಿದ ಬೆಳಕು ಕೆಳಗಿನಿಂದ ಬೆಚ್ಚನೆಯ ಬಣ್ಣ ಎರಚುತ್ತದೆ. ಅದರ ಮೇಲೆ ನಮ್ಮ ಕಣ್ಣಿನದೇ ಒಂದು ಕಣ್ಕಟ್ಟು! ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್‌ಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ತಪ್ಪು ನೂಲಿನದಲ್ಲ, ಪಕ್ಕದಲ್ಲಿದ್ದ ಬಣ್ಣದ್ದು! ಅಕ್ಕಪಕ್ಕದ ಬಣ್ಣಗಳು ಒಂದರ ರೂಪವನ್ನು ಇನ್ನೊಂದು ಬದಲಿಸುತ್ತವೆ ಎಂಬ ಆ ಶೋಧ 1839ರಲ್ಲಿ ಪುಸ್ತಕವಾಯಿತು. ಹಳದಿಯ ಮಗ್ಗುಲಲ್ಲಿ ಬೂದು ಬಣ್ಣ ನೇರಳೆಯತ್ತ ವಾಲುತ್ತದೆ. ಸೊರೋಯಾನ ಹಾಯಿ ಉರಿಯುವುದು ಈ ಜಗಳದಿಂದ.

ಈ ಕಣ್ಣು ಅವನಿಗೆ ಬಂದದ್ದೆಲ್ಲಿಂದ? ಎರಡು ವರ್ಷದವನಿದ್ದಾಗಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ, ಬೀಗ ಮಾಡುವ ಚಿಕ್ಕಪ್ಪನ ಮನೆಯಲ್ಲಿ ಬೆಳೆದ. ತಾರುಣ್ಯದಲ್ಲಿ ಕೆಲಸಕ್ಕಿದ್ದದ್ದು ಛಾಯಾಗ್ರಾಹಕ ಆಂಟೋನಿಯೊ ಗಾರ್ಸಿಯಾನ ಸ್ಟುಡಿಯೋದಲ್ಲಿ. ಮುಂದೆ ಗಾರ್ಸಿಯಾನ ಮಗಳು ಕ್ಲೊಟಿಲ್ಡೆಯನ್ನೇ ಮದುವೆಯಾದ. ಬೆಳಕು ಕ್ಷಣಕ್ಷಣಕ್ಕೂ ಜಾರುವ ವಸ್ತು ಎಂಬ ಪಾಠ ಅಲ್ಲೇ ಸಿಕ್ಕಿರಬೇಕು ಎಂದು ನನ್ನ ಊಹೆ. ಆಮೇಲೆ ಅವನು ಆಳೆತ್ತರದ ಕ್ಯಾನ್ವಾಸುಗಳನ್ನೇ ಮರಳಿಗೆ ಹೊತ್ತು ತಂದ. ಗಾಳಿಗೆ ಹಾರದಂತೆ ಅಡ್ಡ ತೆರೆ ಕಟ್ಟಿ, ಬಿಸಿಲಿಗೆ ಕೊಡೆ ಹಿಡಿಸಿ ಬರೆಯುತ್ತಿದ್ದ ಫೋಟೋಗಳಿವೆ. ಅವೇ ನೋಡಲು ಒಂದು ತಮಾಷೆ.

ಗಡಿರೇಖೆಗಿಂತ ಬೆಳಕನ್ನೇ ನೆಚ್ಚಿದ ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರ ಮೊನೆ ಆಗಿದ್ದರೆ ಈ ಬೆಸ್ತರನ್ನು ಮಂಜಿನಲ್ಲಿ ಕರಗಿಸಿಬಿಡುತ್ತಿದ್ದ. ಸೊರೋಯಾ ಹಾಗಲ್ಲ. ಇಂಪ್ರೆಷನಿಸ್ಟರ ಬಣ್ಣ ತೆಗೆದುಕೊಂಡ, ಆದರೆ ಎತ್ತಿನ ಎಲುಬನ್ನು, ಮನುಷ್ಯನ ರಟ್ಟೆಯನ್ನು ಬಿಟ್ಟುಕೊಡಲಿಲ್ಲ. ಭಾರ ಎಳೆಯುವವನ ಮೈಗೆ ಭಾರ ಇರಲೇಬೇಕಲ್ಲ! 1895ರಲ್ಲಿ ಪ್ಯಾರಿಸ್ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಚಿತ್ರ ಕಂಡ ಫ್ರೆಂಚ್ ಸರ್ಕಾರ ಅದನ್ನು ಕೊಂಡುಕೊಂಡಿತು.

ಆದರೆ ಅದೇ 1894ರಲ್ಲಿ ಅದೇ ಕೈ ಇನ್ನೇನು ಬರೆದಿದೆ ಗೊತ್ತೇ? ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ ‘ಇಷ್ಟಾದರೂ ಮೀನು ತುಟ್ಟಿ ಅಂತಾರೆ!’ ಎಂಬ ಚಿತ್ರ. ದೋಣಿಯ ಹೊಟ್ಟೆಯೊಳಗಿನ ದೃಶ್ಯ. ಗಾಯಗೊಂಡ ತರುಣ ಬರಿಮೈಯಲ್ಲಿ ಒರಗಿದ್ದಾನೆ, ಇಬ್ಬರು ಹಿರಿಯರು ಗಾಯಕ್ಕೆ ಆರೈಕೆ ಮಾಡುತ್ತಿದ್ದಾರೆ, ಹಿಂದೆ ಅಂದಿನ ಮೀನಿನ ರಾಶಿ. ಮೇಲೆ ಕಡಲೆಲ್ಲ ಬೆಳಕು, ಇಲ್ಲಿ ಮಾತ್ರ ಬೂದು ಮಬ್ಬು. ಅವೇ ದಿನಗಳಲ್ಲಿ ಅದೇ ತೀರದ ಬೆಸ್ತರ ಬಗ್ಗೆ ಕಾದಂಬರಿ ಬರೆಯುತ್ತಿದ್ದವನು ವೆಲೆನ್ಸಿಯಾದವನೇ ಆದ ಬ್ಲಾಸ್ಕೊ ಇಬಾನ್ಯೆಸ್; ಚಿತ್ರದ ಹೆಸರಿನ ನಂಟು ಆ ‘ಫ್ಲೋರ್ ದೆ ಮಾಯೊ’ ಕಾದಂಬರಿಯ ಜೊತೆಗಿದೆ. ಬಿಸಿಲಿನ ಚಿತ್ರವೊಂದನ್ನೇ ನೋಡಿ ಸೊರೋಯಾನನ್ನು ‘ಸುಖದ ಚಿತ್ರಕಾರ’ ಎನ್ನುವವರಿಗೆ ನಾನು ಈ ಕತ್ತಲೆಯ ಚಿತ್ರ ತೋರಿಸುತ್ತೇನೆ.

ಕಾಲು ಶತಮಾನದ ಮೇಲೆ, 1919ರಲ್ಲಿ, ಅವನು ಮತ್ತೆ ಬೆಸ್ತರ ಬಳಿಗೇ ಬಂದ. ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಗಾಗಿ ಬರೆದ 14 ಬೃಹತ್ ಚಿತ್ರಗಳಲ್ಲಿ ಕೊನೆಯದು ಸ್ಪೇನಿನ ಅಯಾಮೊಂಟೆ ಊರಿನ ಟ್ಯೂನಾ ಮೀನಿನ ಬೇಟೆ. ಮೇಲೆ ಕಟ್ಟಿದ ಬಟ್ಟೆಯ ಚಪ್ಪರದಿಂದ ಬಿಸಿಲು ಸೋಸಿ ಇಳಿಯುತ್ತಿದೆ. ಕೆಳಗೆ ನೆಲದ ಮೇಲೆ ದೈತ್ಯ ಮೀನುಗಳು, ಅವುಗಳ ಮಧ್ಯೆ ದುಡಿಯುವ ಗಂಡಸರು. ಹಿಂದೆ ಗ್ವಾದಿಯಾನಾ ನದಿ ಥಳಥಳ. ಮೀನಿನ ಬೆನ್ನು ಯಾವ ಬಣ್ಣ ಎಂದು ಕೇಳಿದರೆ ನಾನು ಬೂದು ಎನ್ನುತ್ತಿದ್ದೆ. ಅವನು ನೇರಳೆ ಬಳಿದಿದ್ದಾನೆ, ನೀಲಿ ಬಳಿದಿದ್ದಾನೆ, ಹೊಟ್ಟೆಗೆ ಚಪ್ಪರದ ಕಿತ್ತಳೆಯನ್ನೂ ಒರೆಸಿದ್ದಾನೆ. ಎದುರು ನಿಂತವರು ನಂಬದೇ ಇರುವುದಾದರೂ ಹೇಗೆ!