ಸೌದೆ ಸೀಳೋ ಮಿಷನ್ ಬಂತು, ಬೆರಳು ಜೋಕೆ!

ಅಡಿಕೆ ಸುಲಿದು ಹಂಡೆ ಒಲೆಗೇರುವ ಕಾಲ ಬಂತೆಂದರೆ ಸಾಗರ, ತೀರ್ಥಹಳ್ಳಿ ಕಡೆ ಮೊದಲು ಕೇಳುವ ಮಾತು: "ಸೌದೆ ಒಡೆಯೋಕೆ ಆಳು ಸಿಗ್ತಾರಾ?" ಸಿಗುವುದು ಕಷ್ಟ. ದಿನವಿಡೀ ಕೊಡಲಿ ಎತ್ತುವ ತೋಳು ಈಗ ಅಪರೂಪ. ಸೌದೆ ಒಲೆ ಬಿಡದ ಹೋಟೆಲು, ಬೇಕರಿ, ಕಲ್ಯಾಣ ಮಂಟಪದವರದೂ ಇದೇ ಗೋಳು. ಹೀಗಾಗಿ ಮಿಷನ್ ಕಡೆ ಕಣ್ಣು ಹೋಗಿದೆ. ಹೋಗಲಿ, ತಪ್ಪಿಲ್ಲ. ಆದರೆ ರೇಟು ಕೇಳುವ ಮೊದಲು ಎರಡು ಸಂಗತಿ ಗೊತ್ತಿರಬೇಕು. ಸೀಳುವ ಮರ ಯಾವುದು? ಮಿಷನ್ ಹತ್ತಿರ ನಿಲ್ಲುವವರು ಎಷ್ಟು ಮಂದಿ?

ಮುಖ್ಯವಾಗಿ ಎರಡು ಜಾತಿಯ ಮಿಷನ್ ಉಂಟು. ಒಂದು ಸ್ಕ್ರೂನದು. ಬೋಲ್ಟಿನ ಹಾಗೆ ಥ್ರೆಡ್ ಇರುವ, ಮೂಲಂಗಿ ಆಕಾರದ ಕಬ್ಬಿಣದ ಮೊನೆ ಗಿರ್ರನೆ ತಿರುಗಿ ಮರದೊಳಗೆ ನುಗ್ಗಿ ಸೀಳುತ್ತದೆ. ಅಗ್ಗ, ಚುರುಕು, ಸರಿ. ಆದರೆ ಲುಂಗಿಗೂ ಇದಕ್ಕೂ ಹುಟ್ಟು ವೈರ. ಪಂಚೆಯ ಅಂಚು, ಹೆಗಲ ಟವೆಲು, ಸಡಿಲ ಗ್ಲೌಸು ಯಾವುದು ಸಿಕ್ಕಿದರೂ ಸುತ್ತಿಕೊಂಡು ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಸ್ವಿಚ್ಚಿಗೆ ಕೈ ಹಾಕಲು ಪುರುಸೊತ್ತು ಎಲ್ಲಿ? ದಿಮ್ಮಿಗೆ ಕೆಳಗೆ ಭದ್ರ ಆನಿಕೆ ಇಲ್ಲದಿದ್ದರೆ ದಿಮ್ಮಿಯೇ ತಿರುಗಿ ಬಾರಿಸುತ್ತದೆ.

ಇನ್ನೊಂದು ಹೈಡ್ರಾಲಿಕ್. ಆಯಿಲ್ ಒತ್ತಡದಲ್ಲಿ ದಿಮ್ಮಿಯನ್ನು ಬೆಣೆಗೆ ಒತ್ತುತ್ತದೆ. ನಿಧಾನ, ದುಡ್ಡೂ ಜಾಸ್ತಿ. ಸಿಂಗಲ್ ಫೇಸಿನ 5ರಿಂದ 7 ಟನ್ನಿನದು ನೆಟ್ಟಗಿನ, ಸಣ್ಣ ಸಿಲ್ವರ್ ಓಕ್ ತುಂಡಿಗೆ ಸಾಕು. ಗಂಟು ಬಿದ್ದ, ಒಂದಡಿ ದಪ್ಪದ ಗಟ್ಟಿಮರ ಎಂದರೆ 20 ಟನ್ನಿನ ಮಾತು. ಆಗ ತ್ರೀ ಫೇಸ್ ಅಥವಾ ಎಂಜಿನ್ ಬೇಕು. ಸಣ್ಣ ಮಿಷನ್ ಹಿಡಿಸುವುದು ಒಂದೂವರೆ ಅಡಿ ಆಸುಪಾಸಿನ ತುಂಡು. ಒಲೆಬಾಯಿಗೆ ಮೂರಡಿ ಸೌದೆ ಹಾಕುವವರು ಅಳತೆ ನೋಡದೆ ತಂದರೆ ಮಿಷನ್ ಮೂಲೆ ಸೇರುತ್ತದೆ. ನೀಲಗಿರಿಯಂತೂ ಒಣಗಿದ ಮೇಲೆ ಮಹಾ ಹಠಮಾರಿ, ಎಳೆ ಹೆಣೆದುಕೊಂಡಿರುತ್ತದೆ. ಅದನ್ನು ಹಸಿಯಲ್ಲೇ ಸೀಳಿ ಒಣಗಿಸಿಟ್ಟುಕೊಂಡರೆ ಮಿಷನ್ನಿಗೂ ಸುಖ, ಒಲೆಗೂ ಸುಖ.

ಒಳ್ಳೆ ಹೈಡ್ರಾಲಿಕ್ ಮಿಷನ್ನಿಗೆ ಎರಡು ಹಿಡಿ ಇರುತ್ತವೆ, ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ನಡೆಯುತ್ತದೆ. ಕಂಪನಿಯವರಿಗೆ ಬೇರೆ ಕೆಲಸ ಇಲ್ಲದೆ ಮಾಡಿದ್ದಲ್ಲ, ಸೀಳುವಾಗ ಕೈ ಬೆಣೆ ಹತ್ತಿರ ಇರಕೂಡದು ಅಂತ. ಒಂದು ಹಿಡಿಗೆ ಸೈಕಲ್ ಟ್ಯೂಬ್ ಬಿಗಿದು ಒಂದೇ ಕೈಯಲ್ಲಿ ನಡೆಸುವ ಜಾಣತನ ಬೇಡ. ಅದಕ್ಕಿಂತ ಅಪಾಯ "ನೀನು ದಿಮ್ಮಿ ಹಿಡಿ, ನಾನು ಲಿವರ್ ಎಳೀತೀನಿ" ಎನ್ನುವ ಜೋಡಿ ಕೆಲಸ. ಹಿಡಿದವ ಕೈ ತೆಗೆಯುವ ಮೊದಲೇ ಎಳೆದವನ ಲಿವರ್ ಬಿದ್ದಿರುತ್ತದೆ. ಬೆರಳು ಹೋಗುವುದು ಬಹಳ ಸಲ ಹೀಗೇ. ದಿಮ್ಮಿ ಇಡುವವನೂ ಅವನೇ, ಲಿವರ್ ಎಳೆಯುವವನೂ ಅವನೇ ಆಗಬೇಕು. ಉಳಿದವರು ದೂರ, ಮಕ್ಕಳು ಇನ್ನೂ ದೂರ.

ಆಯಿಲ್ ಪೈಪು ಸೋರುತ್ತಿದೆಯೇ ಅಂತ ಬೆರಳಿಟ್ಟು ನೋಡುವ ಅಭ್ಯಾಸವೂ ಕೆಟ್ಟದ್ದು. ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಮುಳ್ಳು ಚುಚ್ಚಿದಷ್ಟೇ ಗುರುತು, ಒಳಗೆ ಕೈಯೇ ಕೊಳೆಯಬಹುದು. ಅರಿಶಿನ ಹಚ್ಚಿ ಕೂರದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಸಾಕು. ಪೆಟ್ರೋಲ್ ಎಂಜಿನ್ನಿನದಾದರೆ ಮುಚ್ಚಿದ ಶೆಡ್ಡಿನಲ್ಲಿ ನಡೆಸಬಾರದು. ಹೊಗೆಯಲ್ಲಿ ವಾಸನೆಯಿಲ್ಲದ ವಿಷಗಾಳಿ ಇರುತ್ತದೆ. ಕಾಲಿಗೆ ಹವಾಯಿ ಚಪ್ಪಲಿ ಬದಲು ಬೂಟು, ಕಣ್ಣಿಗೆ ಕನ್ನಡಕ.

ಕೊಳ್ಳಲು ಹೊರಟವರು ತಮ್ಮಲ್ಲಿರುವ ಅತ್ಯಂತ ಗಂಟುಗಂಟಿನ ದಿಮ್ಮಿಯೊಂದನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ, ಅಂಗಡಿ ಮುಂದೆಯೇ ಸೀಳಿಸಿ ನೋಡಲಿ. ಸೀಳದಿದ್ದರೆ ದಿಮ್ಮಿ ಅದೇ ಆಟೋದಲ್ಲಿ ವಾಪಸ್.