ಹಸಿ ಬಾಣಂತಿಯ ತಲೆನೋವು

ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಬಾಣಂತಿಯೆಂದರೆ ಕಿವಿಗೆ ಹತ್ತಿ, ತಲೆಗೆ ವಸ್ತ್ರ, ಹೊರಸಿನ ಕೆಳಗೆ ಕೆಂಡ. ಅಂಟಿನುಂಡಿಗೆ ಕೊರತೆಯಿಲ್ಲ; ಎಷ್ಟೋ ಮನೆಗಳಲ್ಲಿ ನೀರಿಗೆ ಮಾತ್ರ ಲೆಕ್ಕ. ‘ನೀರ ಭಾಳ ಕುಡೀಬ್ಯಾಡವಾ, ಹೊಟ್ಟಿ ಬರ್ತೈತಿ’ ಎಂದು ಅಜ್ಜಿ ಹೇಳಿದರೆ ಎದುರಾಡುವ ಧೈರ್ಯ ಯಾರಿಗಿದೆ?

ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲೆಂದು ಅದರ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಕೆಲವು ವಾರ ಹಾಗೇ ಇರುತ್ತದೆ. ಮೈ ಒಣಗಿದರೆ, ರಕ್ತಹೀನತೆಯೂ ಸೇರಿದರೆ, ಮಿದುಳಿನಿಂದ ರಕ್ತ ಹೊರಗೊಯ್ಯುವ ಅಭಿಧಮನಿಯಲ್ಲೇ ಹೆಪ್ಪು ಕೂತೀತು. ಮಿದುಳು, ಬೆನ್ನುಹುರಿಯ ಸುತ್ತ ಇರುವ ಸುಮಾರು 150 ಮಿ.ಲೀ. ದ್ರವ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಹುಟ್ಟುತ್ತದೆ. ಅದು ಹೊರಬೀಳುವುದೂ ಮುಖ್ಯವಾಗಿ ಇದೇ ಹಾದಿಯಲ್ಲಿ. ಹಾದಿ ಕಟ್ಟಿತು, ಬುರುಡೆ ಹಿಗ್ಗದು. ಮಲಗಿದಾಗ 15 ಮಿ.ಮೀ. ಪಾದರಸದೊಳಗಿರಬೇಕಾದ ಒತ್ತಡ 20 ದಾಟುತ್ತದೆ.

ಆಗಿನ ತಲೆನೋವು ಮಲಗಿದರೆ, ಕೆಮ್ಮಿದರೆ ಜೋರಾಗುತ್ತದೆ. ವಾಂತಿ, ಮಬ್ಬುಗಣ್ಣು ಬರುತ್ತವೆ. ಸಿಜೇರಿಯನ್‌ಗೆ ಬೆನ್ನಿಗೆ ಚುಚ್ಚಿದ ಮೇಲೆ ಬರುವ ನೋವಿನ ಬಗೆ ಬೇರೆ: ಎದ್ದು ಕೂತರೆ ಹೆಚ್ಚು, ಮಲಗಿದರೆ ಹಗುರ, ಅಲ್ಲಿ ಒತ್ತಡ ಇಳಿದಿರುತ್ತದೆ. ಇವೆರಡನ್ನೂ ‘ಥಂಡಿ ಹತ್ತೈತಿ’ ಎಂದು ಒಂದೇ ಗಂಟಿಗೆ ಕಟ್ಟುವುದು, ಫಿಟ್ಸ್ ಬಂದರೆ ‘ಬಾಣಂತಿ ಸನ್ನಿ’ ಎಂದು ಬೂದಿ ಹಚ್ಚುತ್ತ ಕೂರುವುದು ಜೀವಕ್ಕೇ ಎರವು. ಹೆರಿಗೆಯಾದ ಮೇಲೂ ಬಿಪಿ ಏರಿ ತಲೆನೋವು, ಫಿಟ್ಸ್ ಬರಬಹುದಾದ್ದರಿಂದ ಮೊದಲು ಬಿಪಿ ನೋಡಬೇಕು.

ತಲೆಯೊಳಗಿನ ಒತ್ತಡ ಏರುವುದು ಬಾಣಂತಿಯರಿಗಷ್ಟೇ ಅಲ್ಲ. ಕಿತ್ತೂರಿನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರಿಗೆ ಒಳಗಿನ ರಕ್ತಸ್ರಾವದಿಂದ, ಇನ್ನು ಕೆಲವರಿಗೆ ಗಡ್ಡೆಯಿಂದ, ಕ್ಷಯದ ಮಿದುಳುಪೊರೆ ಉರಿಯಿಂದಲೂ ಒತ್ತಡ ಏರುತ್ತದೆ. ಕಾರಣ ಯಾವುದೇ ಇರಲಿ, ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಿ ಬೆಳಕು ಬಿಟ್ಟು ನೋಡಿದರೆ ಸುಳಿವು ಸಿಕ್ಕೀತು. ದೃಷ್ಟಿನರದ ಹೊದಿಕೆಯೊಳಗೂ ಅದೇ ದ್ರವವಿದೆ. ಒತ್ತಡ ಅಲ್ಲಿಗೆ ತಲುಪಿ ನರದ ತುದಿ ಬಾತು, ಅದರ ಅಂಚು ಮಸುಕಾಗಿ ಕಾಣುತ್ತದೆ. ಆದರೆ ಬಾವು ಮೂಡಲು ಸಮಯ ಬೇಕು, ಕಣ್ಣು ಸರಿಯಿದೆಯೆಂದು ಸುಮ್ಮನಾಗುವಂತಿಲ್ಲ. ಸ್ಕ್ಯಾನ್ ಮಾಡದೆ ಪರೀಕ್ಷೆಗೆಂದು ಬೆನ್ನಿನಿಂದ ಈ ದ್ರವ ತೆಗೆಯಲು ಹೋದರೆ, ಒತ್ತಡಕ್ಕೆ ಮಿದುಳೇ ಕೆಳಜಾರುವ ಅಪಾಯವುಂಟು.

ಬಾಣಂತಿಯ ಅಭಿಧಮನಿಯಲ್ಲಿ ಹೆಪ್ಪು ಕೂತಿದ್ದರೂ ಸಾದಾ ಸಿ.ಟಿ. ಎಷ್ಟೋ ಸಲ ‘ನಾರ್ಮಲ್’ ಎಂದೇ ಬರುತ್ತದೆ. ಅಭಿಧಮನಿಗಳನ್ನೇ ತೋರಿಸುವ ವೀನೋಗ್ರಾಮ್ ಬೇಕು. ಅದಕ್ಕೆ ಬೆಳಗಾವಿಗೋ ಧಾರವಾಡ–ಹುಬ್ಬಳ್ಳಿಗೋ ಹೋಗಬೇಕು. ರಾಮದುರ್ಗದವರಿಗೆ ಎಲ್ಲವೂ ದೂರ. ರೋಗ ಖಚಿತವಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ಮಿದುಳಲ್ಲಿ ರಕ್ತ ಸೋರಿದ್ದರೂ ಸಾಮಾನ್ಯವಾಗಿ ಇದೇ ಔಷಧಿ, ಏಕೆಂದರೆ ಸೋರಿಕೆಗೆ ಮೂಲ ಕಟ್ಟಿಕೊಂಡ ಅಭಿಧಮನಿ.